ಬದಿಯಡ್ಕದ ಅಂಗಡಿಯನ್ನು ಬಿಟ್ಟುಕೊಟ್ಟಾಗ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿದ್ದ ನನ್ನ ಹಾರ್ಡ್‌ವೇರ್ ಮತ್ತು ಕೃಷಿ ಸಾಮಗ್ರಿಗಳ ಅಂಗಡಿಯನ್ನು 2025ರ ಮಾರ್ಚ್ 31ಕ್ಕೆ ಮಾರಿದೆ. ಕೊಂಡವರು ಗಲ್ಫಿನಿಂದ ಊರಿಗೆ ಮರಳಿದ ಪರಿಚಯಸ್ಥರು. ಸಿಕ್ಕಿದವರೆಲ್ಲ ‘ಎಷ್ಟಕ್ಕೆ ಹೋಯಿತು?’ ಎಂದೇ ಕೇಳುತ್ತಾರೆ. ಬೆಲೆ ಮಾತಾಡಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅಂಗಡಿಯೊಂದಿಗೆ ಏನೇನು ಹೋಗುತ್ತದೆ, ಯಾವ ತಾರೀಕಿನಿಂದ ಹೋಗುತ್ತದೆ, ನನ್ನ ಕೊರಳಿಗೆ ಏನು ಉಳಿಯುತ್ತದೆ ಎಂಬುದನ್ನು ಬರೆದಿಡುವುದರಲ್ಲೇ ದಿನಗಳು ಕಳೆದವು.

ಮಾರ್ಚ್ ಕೊನೆಯನ್ನು ಆರಿಸಿದ್ದು ಬೇಕೆಂದೇ. ಆರ್ಥಿಕ ವರ್ಷ ಅಲ್ಲಿಗೆ ಮುಗಿಯುವುದರಿಂದ ಲೆಕ್ಕ ನಡುವೆ ತುಂಡಾಗುವುದಿಲ್ಲ. ಅಡಿಕೆಗೆ ಮದ್ದು ಬಿಡುವ ಕಾಲ ಮಳೆಯೊಂದಿಗೆ ಬರುವುದರಿಂದ ಆಗ ಆ ಮದ್ದಿಗೆ ಬೇಕಾದ ಮೈಲುತುತ್ತಿನ ದಾಸ್ತಾನೂ ಕಡಿಮೆ. ಕೀಟನಾಶಕ, ಶಿಲೀಂಧ್ರನಾಶಕಗಳ ಪರವಾನಗಿ ಅಂಗಡಿಯ ಬೀಗದ ಕೈಯೊಂದಿಗೆ ದಾಟುವುದಿಲ್ಲ. ಹೊಸಬರು ನಿಗದಿತ ವಿದ್ಯಾರ್ಹತೆ ತೋರಿಸಿ ತಾವೇ ಪಡೆಯಬೇಕು. ಆದ್ದರಿಂದ ಉಳಿದಿದ್ದ ಮದ್ದಿನ ಚೀಲಗಳನ್ನು ಮಂಗಳೂರು ಬಂದರಿನ ಸಗಟು ವ್ಯಾಪಾರಿಗೆ ಹಿಂದಿರುಗಿಸಿದೆ.

ಕಟ್ಟಡ ಬಾಡಿಗೆಯದು. ಕೇರಳದ 1965ರ ಬಾಡಿಗೆ ನಿಯಂತ್ರಣ ಕಾನೂನಿನಂತೆ, ಕರಾರಿನಲ್ಲಿ ಹಕ್ಕು ಕೊಟ್ಟಿಲ್ಲವಾದರೆ, ಮಾಲೀಕರ ಒಪ್ಪಿಗೆಯಿಲ್ಲದೆ ಬಾಡಿಗೆ ಹಕ್ಕನ್ನು ಇನ್ನೊಬ್ಬರಿಗೆ ದಾಟಿಸಿದರೆ ಅದೇ ಒಕ್ಕಲೆಬ್ಬಿಸಲು ಕಾರಣವಾಗುತ್ತದೆ. ಆದ್ದರಿಂದ ಮುಂಗಡ ಮುಟ್ಟುವ ಮೊದಲೇ ಮಾಲೀಕರನ್ನು ಕಂಡೆ. ಅವರು ಕೊಳ್ಳುವವರಿಗೆ ನೇರವಾಗಿ ಹೊಸ ಕರಾರು ಬರೆದುಕೊಟ್ಟರು. ದಾಸ್ತಾನಿನ ಮೇಲೆ ಸಾಲ ಕೊಟ್ಟಿದ್ದ ಬ್ಯಾಂಕಿನಿಂದಲೂ ಸಗಟು ವ್ಯಾಪಾರಿಗಳಿಂದಲೂ ಬಾಕಿಯಿಲ್ಲವೆಂಬ ಪತ್ರ ಪಡೆದೆ. ಕೆಲಸದವರ ಸಂಬಳ, ಕ್ಷೇಮನಿಧಿಯ ವಂತಿಗೆ ಎಲ್ಲವನ್ನೂ ಅದೇ ತಾರೀಕಿಗೆ ಚುಕ್ತಾ ಮಾಡಿದೆ. ಪಂಚಾಯತಿಗೆ ಅರ್ಜಿಯನ್ನು ಕನ್ನಡದಲ್ಲೇ ಬರೆದೆ. ಕೇರಳದಲ್ಲಿ ಭಾಷಾ ಅಲ್ಪಸಂಖ್ಯಾತರಾದ ನಮಗೆ ರಾಜ್ಯದ 1969ರ ಆಡಳಿತ ಭಾಷಾ ಕಾನೂನು ಕೊಟ್ಟಿರುವ ಹಕ್ಕು ಅದು. ಬಳಸದಿದ್ದರೆ ಮರೆತೇ ಹೋಗುತ್ತದೆ.

ನಮ್ಮ ಕಡೆಯ ಅಂಗಡಿಗಳ ಜೀವ ಇರುವುದು ಕಡದ, ಅಂದರೆ ಸಾಲದ, ಪುಸ್ತಕದಲ್ಲಿ. ‘ಪೈಪು 6, ಜಾಯಿಂಟು 4, ಸುಣ್ಣ 1 ಚೀಲ, ಅಡಿಕೆ ಕೊಟ್ಟ ಮೇಲೆ’ ಎಂಬಂಥ ಸಾಲುಗಳೇ ಪುಟ ತುಂಬ. ಇಂಥ ಬಾಕಿಗೆ ಕೋರ್ಟಿನಲ್ಲಿ ದಾವೆ ಹೂಡಲು ಮೂರು ವರ್ಷದ ಮಿತಿ. ಆ ಅವಧಿಯೊಳಗೆ ಸಾಲಗಾರರು ‘ಇಷ್ಟು ಕೊಡಬೇಕಿದೆ’ ಎಂದು ಬರೆದು ಸಹಿ ಹಾಕಿದರೆ ಮಿತಿ ಆ ದಿನದಿಂದ ಹೊಸದಾಗಿ ಎಣಿಕೆಯಾಗುತ್ತದೆ. ನಾನು ಪುಸ್ತಕ ಹಿಡಿದು ತೋಟದ ಮನೆಗಳಿಗೆ ಹೋಗಿ ಪ್ರತಿ ಪುಟದ ಕೆಳಗೆ ಮೊತ್ತ, ತಾರೀಕು ಬರೆಸಿ ಸಹಿ ಹಾಕಿಸಿಕೊಂಡೆ. ‘ನಿಮಗೆ ನನ್ನ ಮೇಲೆ ನಂಬಿಕೆ ಇಲ್ಲವೇ ಅಣ್ಣ?’ ಎಂದು ಒಬ್ಬರು ನೊಂದುಕೊಂಡರು. ಪುಸ್ತಕ ಇನ್ನು ಮುಂದೆ ಬೇರೆಯವರ ಕೈಯಲ್ಲಿರುತ್ತದೆ, ಬರೆದಿಟ್ಟ ಮೊತ್ತಕ್ಕಿಂತ ಹೆಚ್ಚು ನಿಮ್ಮಿಂದ ಯಾರೂ ಕೇಳಬಾರದಲ್ಲ ಎಂದು ವಿವರಿಸಿದ ಮೇಲೆ ಸಹಿ ಹಾಕಿದರು. ಸಹಿಯಾದ ಬಾಕಿಗಳನ್ನು ಕೊಂಡವರು ಸ್ವಲ್ಪ ಕಡಿತಕ್ಕೆ ವಹಿಸಿಕೊಂಡರು. ಇಂಥ ವರ್ಗಾವಣೆ ಲಿಖಿತವಾಗಿಯೇ ಆಗಬೇಕು. ಗೊತ್ತಿಲ್ಲದೆ ನನಗೇ ಹಣ ಕೊಟ್ಟು ಯಾರೂ ಗೊಂದಲಕ್ಕೆ ಬೀಳದಿರಲೆಂದು ಪ್ರತಿಯೊಬ್ಬರಿಗೂ ನೋಟಿಸು ಕಳುಹಿಸಿದೆ. ತೀರಾ ಹಳೆಯ ಬಾಕಿಗಳನ್ನು ಯಾರಿಗೂ ಮಾರಲಿಲ್ಲ. ಕಷ್ಟದಲ್ಲಿರುವವರ ಅಂಗಳಕ್ಕೆ ಹೊಸಬರನ್ನು ವಸೂಲಿಗೆ ಕಳುಹಿಸಲು ನನಗೆ ಮನಸ್ಸು ಬರಲಿಲ್ಲ.

ತೆರಿಗೆಯ ವಿಷಯಕ್ಕೆ ಲೆಕ್ಕಪರಿಶೋಧಕರಿಲ್ಲದೆ ಕೈ ಹಾಕಬಾರದು. ವಸ್ತುವಾರು ಬೆಲೆ ಹಚ್ಚದೆ, ನಡೆಯುತ್ತಿರುವ ವ್ಯಾಪಾರವನ್ನೇ ಒಟ್ಟು ಮೊತ್ತಕ್ಕೆ ಕೊಟ್ಟೆ. ಹಾಗೆ ಕೊಟ್ಟರೆ ಮಾರಾಟದ ಮೇಲೆ ಜಿಎಸ್‌ಟಿ ವಿನಾಯಿತಿ ಇದೆ. ಸರಕು ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯಿಂದ ನನ್ನ ಲೆಕ್ಕದಲ್ಲಿ ಉಳಿದ ಹೂಡುವಳಿ ತೆರಿಗೆ ಜಮೆಯನ್ನು ಐಟಿಸಿ-02 ನಮೂನೆಯಲ್ಲಿ ಕೊಂಡವರ ಖಾತೆಗೆ ದಾಟಿಸಬಹುದು; ಅದಕ್ಕೆ ಅವರ ನೋಂದಣಿ ಮೊದಲೇ ಆಗಿರಬೇಕು. ಆದಾಯ ತೆರಿಗೆಯಲ್ಲಿ, ವ್ಯಾಪಾರ ನನ್ನ ಕೈಯಲ್ಲಿ 36 ತಿಂಗಳು ಮೀರಿದ್ದರಿಂದ ಮಾರಾಟದ ಲಾಭ ದೀರ್ಘಾವಧಿಯದಾಯಿತು. 2024ರ ಜುಲೈ 23ರಿಂದ ಅದಕ್ಕೆ ಶೇಕಡಾ 12.5ರ ದರ, ಮೇಲೆ ಸೆಸ್ಸು. ಅರ್ಧ ಹಣವನ್ನು ನಗದಾಗಿ ಕೊಡುವ ಮಾತು ಬಂದಾಗ ಕಡ್ಡಿ ಮುರಿದಂತೆ ಬೇಡವೆಂದೆ. ಒಂದು ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ಪಡೆದರೆ ಪಡೆದಷ್ಟೇ ದಂಡ ಬೀಳಬಹುದು, ಅದೂ ಪಡೆದವನ ಮೇಲೆ.

ಇಡೀ ಜಿಲ್ಲೆಯಲ್ಲಿ ನಾನು ಮತ್ತೆ ಇದೇ ವ್ಯಾಪಾರ ಮಾಡಬಾರದೆಂದು ಕೊಂಡವರು ಕೇಳಿದರು. 1872ರ ಕರಾರು ಕಾನೂನಿನ 27ನೇ ಸೆಕ್ಷನ್ ವ್ಯಾಪಾರಕ್ಕೆ ಕಟ್ಟು ಹಾಕುವ ಕರಾರನ್ನು ಅಸಿಂಧು ಎನ್ನುತ್ತದೆ. ಅಂಗಡಿಯ ಹೆಸರನ್ನೂ ಗಿರಾಕಿಗಳ ವಿಶ್ವಾಸವನ್ನೂ ಮಾರಿದವನಿಗೆ ಮಾತ್ರ ನ್ಯಾಯವಾದ ಪ್ರದೇಶದ ಮಿತಿಯೊಳಗೆ ಕಟ್ಟು ಹಾಕಬಹುದು. ಬದಿಯಡ್ಕ ಪಂಚಾಯತಿನ ಗಡಿ, ಮೂರು ವರ್ಷ ಎಂದು ಒಪ್ಪಿಕೊಂಡೆವು. ಆ ಗಡಿಯಾಚೆ ಪೆರ್ಲದಲ್ಲಿರುವ ಅಕ್ಕನ ಮಗನ ಅಂಗಡಿಯಲ್ಲಿ ನಾನು ಕುಳಿತುಕೊಳ್ಳಲು ಅಡ್ಡಿಯಿಲ್ಲವೆಂದೂ ಬರೆಸಿದೆ.

ಮಾರಾಟದ ದಿನದವರೆಗಿನ ಜಿಎಸ್‌ಟಿ ಬಾಕಿಗೆ ಕಾನೂನು ಇಬ್ಬರನ್ನೂ ಹೊಣೆ ಮಾಡುತ್ತದೆ. ಆ ಭಯ ಕೊಂಡವರಿಗೆ ಇರುವುದು ಸಹಜ. ಅದಕ್ಕಾಗಿ ಬೆಲೆಯ ಹತ್ತನೇ ಒಂದು ಪಾಲನ್ನು ಅವರಲ್ಲೇ ಬಿಟ್ಟಿದ್ದೆ. ನನ್ನ ನೋಂದಣಿ ರದ್ದಾಗಿ, ಕೊನೆಯ ರಿಟರ್ನ್ ಆದ ಜಿಎಸ್‌ಟಿಆರ್-10ನ್ನು ಮೂರು ತಿಂಗಳ ಗಡುವಿನೊಳಗೆ ಸಲ್ಲಿಸಿ, ಅದರ ಪ್ರತಿಯನ್ನು ಅವರಿಗೆ ಕೊಟ್ಟ ವಾರದಲ್ಲೇ ಆ ಹಣ ನನ್ನ ಬ್ಯಾಂಕ್ ಖಾತೆಗೆ ಬಂತು.