ಬಣವೆಯ ಮರೆಯ ಐದು ನಿಮಿಷ

ಪಶುವೈದ್ಯನಾಗಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೊಟ್ಟಿಗೆಗೆ ಕಾಲಿಟ್ಟ ಕೂಡಲೇ ಥರ್ಮಾಮೀಟರ್ ಕೈಗೆತ್ತಿಕೊಳ್ಳುತ್ತಿದ್ದೆ. ಹಸುವಿಗೆ ನೋವಿದೆಯೇ ಎಂದು ತಿಳಿಯಲು ಮುಟ್ಟುವ ಮೊದಲು ದೂರ ನಿಂತು ನೋಡಬೇಕೆಂದು ಕಲಿತದ್ದು ನನ್ನದೇ ಒಂದು ತಪ್ಪಿನಿಂದ.

ತುಮಕೂರು ಜಿಲ್ಲೆಯ ಒಂದು ಹಳ್ಳಿ. ಎಚ್.ಎಫ್. ಮಿಶ್ರತಳಿ ಹಸು, ಕರು ಹಾಕಿ ಮೂರು ತಿಂಗಳಾಗಿತ್ತು. ಹೊತ್ತಿಗೆ ಏಳು ಲೀಟರ್ ಕೊಡುತ್ತಿದ್ದದ್ದು ಅಂದು ಬೆಳಿಗ್ಗೆ ಎರಡಕ್ಕೆ ಇಳಿದಿತ್ತು. ನಾನು ಒಳಗೆ ಹೋದಾಗ ತಲೆಯೆತ್ತಿ, ಕಿವಿ ನಿಮಿರಿಸಿ ನೋಡಿತು. ಜ್ವರ 103 ಡಿಗ್ರಿ. ಹೊಟ್ಟೆ ಕೆಟ್ಟಿದೆ ಎಂದು ಪುಡಿ ಕೊಟ್ಟು, ಒಂದು ಇಂಜೆಕ್ಷನ್ ಹಾಕಿ ಹೊರಟೆ. ಮನೆಯ ಅಜ್ಜಿ ಹಿಂದಿನಿಂದ, "ರಾತ್ರಿಯೆಲ್ಲ ಹಲ್ಲು ಕಡಿಯುತ್ತಾಳೆ ಸ್ವಾಮಿ" ಎಂದರು. "ನಾಳೆ ಸರಿಹೋಗುತ್ತದೆ ಬಿಡಿ ಅಜ್ಜಿ" ಎಂದೆ. ಅಂದಿನ ರೋಗಲಕ್ಷಣಗಳಲ್ಲೆಲ್ಲ ಮುಖ್ಯವಾದದ್ದನ್ನು ಅಜ್ಜಿ ಹೇಳಿದ್ದರು. ಅದು ನನ್ನ ಕಿವಿಗೆ ಬಿದ್ದಿತೇ ಹೊರತು ತಲೆಗೆ ಹೋಗಲಿಲ್ಲ.

ಮೂರನೆಯ ದಿನ ಮತ್ತೆ ಕರೆ ಬಂತು. ಬೈಕ್ ನಿಲ್ಲಿಸುವಷ್ಟರಲ್ಲಿ ಬೇರೆ ಯಾರದೋ ಫೋನ್ ಬಂದು, ಹುಲ್ಲಿನ ಬಣವೆಯ ಪಕ್ಕ ನಿಂತು ಮಾತನಾಡತೊಡಗಿದೆ. ಹಸುವಿಗೆ ನಾನು ಕಾಣುತ್ತಿರಲಿಲ್ಲ. ಅಲ್ಲಿಂದ ಕಂಡದ್ದು ಬೇರೆಯೇ ಹಸು. ಮುಂಗಾಲೆರಡನ್ನೂ ಗೋದಲಿಯ ಕಟ್ಟೆಯ ಮೇಲಿಟ್ಟು ಎದೆಯನ್ನು ಎತ್ತರಿಸಿಕೊಂಡಿತ್ತು. ಬೆನ್ನು ಬಿಲ್ಲಿನಂತೆ ಬಾಗಿತ್ತು, ಮೊಣಕೈಗಳು ಎದೆಯಿಂದ ಆಚೆಗೆ ಸರಿದಿದ್ದವು, ಕಿವಿಗಳು ಹಿಂದಕ್ಕೆ ಜೋತುಬಿದ್ದಿದ್ದವು. ಕಟ್ಟೆಯಿಂದ ಇಳಿದು ಮಲಗಲು ಮುಂಗಾಲು ಮಡಿಸಿತು, ಅರ್ಧಕ್ಕೇ ನಿಲ್ಲಿಸಿ ಎದ್ದಿತು. ಮತ್ತೆ ಮಡಿಸಿತು, ಮತ್ತೆ ಎದ್ದಿತು. ಫೋನ್ ಜೇಬಿಗೆ ಹಾಕಿ ಎರಡು ಹೆಜ್ಜೆ ಮುಂದೆ ಬಂದೆನಷ್ಟೇ, ತಲೆ ಮೇಲೆದ್ದಿತು, ಕಿವಿ ನಿಮಿರಿತು. ಮೊದಲ ದಿನ ನಾನು ಪರೀಕ್ಷಿಸಿದ್ದು ಈ ವೇಷವನ್ನು! ಕುಂಟುವ ದನವನ್ನೇ ಹುಲಿ ಆರಿಸಿಕೊಳ್ಳುತ್ತಿದ್ದ ಕಾಲದ, ನೋವನ್ನು ಬಚ್ಚಿಡುವ ಬುದ್ಧಿ ಅದಕ್ಕೆ ಇನ್ನೂ ಹೋಗಿಲ್ಲ.

ಹೆಗಲ ಮೇಲಿನ ಚರ್ಮವನ್ನು ಎರಡೂ ಕೈಗಳಿಂದ ಹಿಡಿದು ಹಿಂಡಿದೆ. ಆರೋಗ್ಯವಾಗಿರುವ ಹಸು ಆಗ ಬೆನ್ನನ್ನು ಕೆಳಕ್ಕೆ ತಗ್ಗಿಸುತ್ತದೆ. ಇದು ತಗ್ಗಿಸಲಿಲ್ಲ, ಉಸಿರು ಬಿಗಿಹಿಡಿದು ಸಣ್ಣಗೆ ನರಳಿತು. ಹಿತ್ತಿಲಲ್ಲಿ ಹೊಸ ಕೋಣೆ ಕಟ್ಟಿಸುತ್ತಿದ್ದರು; ಅಲ್ಲಿನ ತಂತಿಯೋ ಮೊಳೆಯೋ ಮೇವಿನೊಡನೆ ಹೊಟ್ಟೆಗೆ ಹೋಗಿರಬಹುದೆನ್ನಿಸಿತು. ಶಸ್ತ್ರಚಿಕಿತ್ಸೆ ಮಾಡಿದಾಗ ಹಸುವಿನ ನಾಲ್ಕು ಹೊಟ್ಟೆಗಳಲ್ಲಿ ಎರಡನೆಯದರ ಗೋಡೆಗೆ ಚುಚ್ಚಿಕೊಂಡಿದ್ದ, ಕಂಬಿ ಕಟ್ಟುವ ಕಿರುಬೆರಳುದ್ದದ ಬೈಂಡಿಂಗ್ ವೈರ್ ಸಿಕ್ಕಿತು. ಹೃದಯ ಅಲ್ಲಿಂದ ಬಹಳ ದೂರವಿಲ್ಲ.

ಆಮೇಲೆ ಓದಿದಾಗ ತಿಳಿಯಿತು, ಕೋಪನ್‌ಹೇಗನ್‌ನ ಸಂಶೋಧಕರು 2015ರಲ್ಲಿ ಹಸುಗಳ ನೋವು ಅಳೆಯಲು ಒಂದು ಪಟ್ಟಿಯನ್ನೇ ಪ್ರಕಟಿಸಿದ್ದರು: ಸುತ್ತಲಿನ ಕಡೆ ಗಮನ, ತಲೆ, ಕಿವಿ, ಮುಖಭಾವ, ಬೆನ್ನು, ಹತ್ತಿರ ಹೋದಾಗಿನ ಪ್ರತಿಕ್ರಿಯೆ. ಒಳ್ಳೆಯ ಪಟ್ಟಿ. ಆದರೆ ಎರಡು ಅಡಿ ಹಗ್ಗದಲ್ಲಿ ಕಟ್ಟಿದ ಹಸು ಹತ್ತಿರ ಬಂದವರಿಂದ ಸರಿಯುವುದಾದರೂ ಎಲ್ಲಿಗೆ? ಹಾಗಾಗಿ ಮನೆಯವರ ಕೈಯಲ್ಲಿ ಹಿಂಡಿ ಹಾಕಿಸಿ, ನಾನು ಮರೆಯಿಂದ ನೋಡುತ್ತೇನೆ. ಹಳ್ಳಿಕಾರ್ ಎತ್ತುಗಳ ವಿಷಯದಲ್ಲಂತೂ ಇದು ಕಡ್ಡಾಯ. ಅಪರಿಚಿತನನ್ನು ಕಂಡು ಅವು ಬೆದರಿದರೆ ಕಿವಿಯಿಂದ ಏನೂ ಗೊತ್ತಾಗುವುದಿಲ್ಲ.

ಮೆಲುಕನ್ನೂ ಎಣಿಸುತ್ತೇನೆ. ಒಂದು ತುತ್ತಿಗೆ ಸಾಮಾನ್ಯವಾಗಿ 50ರಿಂದ 60 ಬಾರಿ ಅಗಿಯಬೇಕು. ಮೂವತ್ತಕ್ಕೇ ನುಂಗಿದರೆ, ಅಥವಾ ಮೆಲುಕೇ ಇಲ್ಲದೆ ಬರಿದೇ ಹಲ್ಲು ಕಡಿಯುತ್ತಿದ್ದರೆ ನನಗೆ ಅನುಮಾನ. ಅನುಮಾನ ಉಳಿದಾಗ ಮೆಲಾಕ್ಸಿಕ್ಯಾಮ್ ಎಂಬ ನೋವುನಿವಾರಕ ಕೊಟ್ಟು ಮರುದಿನ ಅದೇ ಜಾಗದಲ್ಲಿ ನಿಂತು ನೋಡುತ್ತೇನೆ. ಬೆನ್ನು ನೇರವಾಗಿ ಕಿವಿ ಮುಂದೆ ಬಂದಿದ್ದರೆ ಹಿಂದಿನ ದಿನ ಕಂಡದ್ದು ನೋವೇ. ಆದರೆ ಅದರ ಮೂಲವನ್ನು ಇನ್ನೂ ಹುಡುಕಬೇಕು. ಕೆಲವರು ಹಳೆಯ ನೋವಿನ ಔಷಧಿ ಡೈಕ್ಲೋಫಿನಾಕನ್ನೇ ಕೇಳುತ್ತಾರೆ. ಅದನ್ನು ಹಾಕಿಸಿಕೊಂಡು ಸತ್ತ ದನವನ್ನು ತಿಂದ ರಣಹದ್ದುಗಳೂ ಸಾಯುತ್ತಿದ್ದುದರಿಂದ 2006ರಲ್ಲೇ ಜಾನುವಾರುಗಳಿಗೆ ಅದನ್ನು ನಿಷೇಧಿಸಲಾಗಿದೆ. ರಾಮನಗರದ ಬೆಟ್ಟದಲ್ಲಿ ಉಳಿದಿರುವ ನಾಲ್ಕಾರು ಹದ್ದುಗಳ ಮಾತು ತೆಗೆದರೆ ಅರ್ಥಮಾಡಿಕೊಳ್ಳುತ್ತಾರೆ.

ಶಸ್ತ್ರಚಿಕಿತ್ಸೆಯಾದ ಎಂಟನೆಯ ದಿನ ಅದೇ ಬಣವೆಯ ಹಿಂದೆ ನಿಂತೆ. ಹಸು ಮಲಗಿತ್ತು, ದವಡೆ ಆಡುತ್ತಿತ್ತು. ತುತ್ತು ಕೆಳಗಿಳಿಯುವುದು ಕತ್ತಿನಲ್ಲಿ ಕಂಡಿತು. ನನ್ನ ಲೆಕ್ಕ 54ಕ್ಕೆ ನಿಂತಿತ್ತು. ಪಕ್ಕದಲ್ಲಿ ಕಡ್ಡಿಪೊರಕೆ ಹಿಡಿದು ನಿಂತಿದ್ದ ಅಜ್ಜಿ, "ಐವತ್ತಾರು" ಎಂದರು.