ಬೆರಳುದ್ದದ ಗೊಂಬೆಗೆ ನಮ್ಮೂರ ಅಂಗಡಿಯ ಬಣ್ಣ

ಮಿನಿಯೇಚರ್ ಗೊಂಬೆಗಳಿಗೆ ಬಣ್ಣ ಹಚ್ಚಲು ಶುರು ಮಾಡುವವರು ಮೊದಲು ಕೇಳುವುದು, "ಯಾವ ಕಂಪನಿ ಬಣ್ಣ ತಗೊಳ್ಳಲಿ?" ಅಂತ. ನಾನು ತಿರುಗಿ ಒಂದು ಮಾತು ಕೇಳುತ್ತೇನೆ. ಗೊಂಬೆ ಅರ್ಧ ಮುಗಿದಾಗ ಆ ಬಣ್ಣ ಖಾಲಿಯಾದರೆ, ನಾಳೆ ಸಂಜೆ ಹೋಗಿ ಮತ್ತೆ ತರಲು ಆಗುತ್ತದಾ? ಆಗುತ್ತದೆ ಅಂದರೆ ಅದು ನಿಮ್ಮ ಬಣ್ಣ. ದಾವಣಗೆರೆಯಲ್ಲಿ ಕೂತು ಈ ಕೆಲಸ ಮಾಡುವ ನನ್ನ ಎಲ್ಲ ಆಯ್ಕೆಯೂ ಅಲ್ಲಿಂದಲೇ ಶುರುವಾಗುತ್ತದೆ.

ನಾನು ಹಚ್ಚುವುದು ಹೆಚ್ಚಾಗಿ 54 ಮಿ.ಮೀ. ಎತ್ತರದ ರೆಸಿನ್ (ಗಟ್ಟಿ ಪ್ಲಾಸ್ಟಿಕ್‌ನಂಥದ್ದು) ಗೊಂಬೆಗಳಿಗೆ. ಬೆಂಗಳೂರಿನಲ್ಲಿ ತ್ರೀಡಿ ಪ್ರಿಂಟ್ ಮಾಡಿಸಿ ತರಿಸುತ್ತೇನೆ. ಹುಟ್ಟಿದ ಊರು ಚಿತ್ರದುರ್ಗ. ಹಾಗಾಗಿ ಗೊಂಬೆಗಳೂ ಅಲ್ಲಿಯವೇ. ಕೋಟೆಯ ಕಾವಲುಗಾರ, ಕಹಳೆ ಊದುವವನು, ಕಿಂಡಿಯ ಪಕ್ಕ ಒನಕೆ ಎತ್ತಿ ನಿಂತ ಓಬವ್ವ, ಹೈದರಾಲಿಯ ಸಿಪಾಯಿ. ಈ ಅಳತೆಯಲ್ಲಿ ಮುಖ ಏಳೆಂಟು ಮಿ.ಮೀ. ಇದ್ದರೆ ಹೆಚ್ಚು. ಬಣ್ಣ ದಪ್ಪಗೆ ಕೂತರೆ ಕಣ್ಣು, ಮೂಗು, ಸೀರೆಯ ನೆರಿಗೆ ಎಲ್ಲ ಮುಚ್ಚಿಹೋಗುತ್ತವೆ. ತೆಳ್ಳಗೆ ಹಚ್ಚಬೇಕು. ಆದರೂ ಕೆಳಗಿನದು ಕಾಣಬಾರದು. ಬಣ್ಣ ಆರಿಸುವ ಕಷ್ಟವೆಲ್ಲ ಇಲ್ಲೇ ಇರುವುದು.

ಅಂಗಡಿಯಲ್ಲಿ ಮೊದಲು ನೋಡಬೇಕಾದ್ದು ಅದು ಅಕ್ರಿಲಿಕ್ ಹೌದೋ ಅಲ್ಲವೋ ಅಂತ. ಸುಮ್ನೆ "ಬಾಟಲಿ ಬಣ್ಣ ಕೊಡಿ" ಅಂದರೆ ಎಷ್ಟೋ ಸ್ಟೇಷನರಿ ಅಂಗಡಿಗಳಲ್ಲಿ ಪೋಸ್ಟರ್ ಕಲರ್ ಕೈಗೆ ಬರುತ್ತದೆ. ಮಕ್ಕಳ ಚಾರ್ಟಿಗೆ ಅದು ಸರಿ, ಗೊಂಬೆಗೆ ಆಗುವುದಿಲ್ಲ. ಪೋಸ್ಟರ್ ಕಲರ್ ಒಣಗಿದ ಮೇಲೂ ನೀರು ತಾಗಿದರೆ ಕರಗುತ್ತದೆ. ಎರಡನೇ ಕೋಟ್ ಹಚ್ಚುವಾಗ ಮೊದಲನೆಯದು ಬ್ರಷ್ಷಿಗೆ ಎದ್ದು ಬರುತ್ತದೆ. ಅಕ್ರಿಲಿಕ್‌ನಲ್ಲಿ ಬಣ್ಣದ ಪುಡಿಯ ಜೊತೆ ಪ್ಲಾಸ್ಟಿಕ್‌ನ ತೀರಾ ಸಣ್ಣ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ನೀರು ಆರಿದಾಗ ಆ ಕಣಗಳು ಒಂದಕ್ಕೊಂದು ಬೆಸೆದುಕೊಂಡು ಪೊರೆಯಾಗುತ್ತವೆ. ಆಮೇಲೆ ನೀರಿಗೆ ಬಿಡುವುದಿಲ್ಲ. ಒಂದು ತೆಳು ಕೋಟಿನ ಮೇಲೆ ಇನ್ನೊಂದು ತೆಳು ಕೋಟ್ ಹಚ್ಚಲು ಆಗುವುದು ಇದರಿಂದಲೇ. ಒದ್ದೆ ಇದ್ದಾಗ ಆ ಕಣಗಳಿಂದ ಬಣ್ಣ ಸ್ವಲ್ಪ ಬೆಳ್ಳಗೆ ಕಾಣುತ್ತದೆ, ಒಣಗಿದ ಮೇಲೆ ಗಾಢವಾಗುತ್ತದೆ. ಬಾಟಲಿಯ ಹೊರಗಿನಿಂದ ನೋಡಿ ಆರಿಸಬೇಡಿ ಅನ್ನುವುದು ಇದಕ್ಕೇ.

ದಾವಣಗೆರೆಗೆ ಒಂದು ಅನುಕೂಲ ಇದೆ. 1964ರಲ್ಲಿ ಶುರುವಾದ ದೃಶ್ಯಕಲಾ ಮಹಾವಿದ್ಯಾಲಯ ಇಲ್ಲಿದೆ. ಚಿತ್ರಕಲೆ ಕಲಿಯುವ ಮಕ್ಕಳಿರುವ ಊರಲ್ಲಿ ಅಕ್ರಿಲಿಕ್ ಟ್ಯೂಬು, ಜೆಸ್ಸೊ (ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ತಳ), ಮೀಡಿಯಂ (ಬಣ್ಣ ತೆಳು ಮಾಡಲು ಸೇರಿಸುವ, ಬಣ್ಣವಿಲ್ಲದ ಅಕ್ರಿಲಿಕ್ ದ್ರವ) ಇಡುವ ಅಂಗಡಿಯೂ ಇರುತ್ತದೆ. ಕ್ಯಾಮ್ಲಿನ್ 1931ರಿಂದ ನಡೆದು ಬಂದ ಕಂಪನಿ. ಅದರ ಸರಕು ತಾಲ್ಲೂಕು ಊರುಗಳಿಗೂ ತಲುಪುತ್ತದೆ. ಫೆವಿಕ್ರಿಲ್‌ನ ಪುಟ್ಟ ಬಾಟಲಿಗಳು ಬಟ್ಟೆಯ ಮೇಲೆ ಬಣ್ಣ ಹಾಕುವ ಅಕ್ಕಂದಿರಿಂದಾಗಿ ಎಲ್ಲ ಕಡೆ ಇವೆ. ಎರಡೂ ಮಿನಿಯೇಚರ್‌ಗೆ ಅಂತ ಮಾಡಿದ ಬಣ್ಣಗಳಲ್ಲ. ಟ್ಯೂಬಿನ ಅಕ್ರಿಲಿಕ್ ಕ್ಯಾನ್ವಾಸಿಗೆ ಮಾಡಿದ್ದು. ದಪ್ಪ ಇರುತ್ತದೆ, ಬ್ರಷ್ಷಿನ ಗೆರೆ ಉಳಿಸಿಕೊಳ್ಳುತ್ತದೆ. ಬಟ್ಟೆಗೆ ಮಾಡಿದ್ದು ಮಡಚಿದರೂ ಬಿರಿಯಬಾರದು ಅಂತ ಮೆತ್ತಗಿರುತ್ತದೆ. ಮೇಲೆ ವಾರ್ನಿಷ್ ಹಾಕದಿದ್ದರೆ ಬೇಸಿಗೆಯಲ್ಲಿ ಕೈಗೆ ಅಂಟಿದ ಹಾಗಾಗುತ್ತದೆ. ಇಷ್ಟು ತಿಳಿದುಕೊಂಡು ಬಳಸಿದರೆ ಎರಡರಿಂದಲೂ ಒಳ್ಳೆ ಕೆಲಸ ತೆಗೆಯಬಹುದು. ನನ್ನ ಮೇಜಿನ ಮೇಲಿರುವುದು ಬಹುಪಾಲು ಇವೇ.

ಕಂಪನಿಗಿಂತ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಬಣ್ಣ ಎಷ್ಟು ಮುಚ್ಚುತ್ತದೆ ಅನ್ನುವುದರ ಬಗ್ಗೆ. ಒಂದೇ ಕಂಪನಿಯ ಎರಡು ಟ್ಯೂಬುಗಳಲ್ಲಿ ಒಂದು ಒಂದೇ ಕೋಟಿಗೆ ಮುಚ್ಚುತ್ತದೆ, ಇನ್ನೊಂದು ಐದು ಕೋಟ್ ಹಚ್ಚಿದರೂ ಮುಚ್ಚುವುದಿಲ್ಲ. ಇದು ಒಳಗಿರುವ ಪುಡಿಯ ಗುಣ. ಟೈಟಾನಿಯಂ ಬಿಳಿ ಚೆನ್ನಾಗಿ ಮುಚ್ಚುತ್ತದೆ. ಕಬ್ಬಿಣದ ಆಕ್ಸೈಡಿನಿಂದ ಮಾಡಿದವು, ಅಂದರೆ ಹಳದಿ ಆಕ್ಸೈಡ್, ಕೆಂಪು ಆಕ್ಸೈಡ್, ಇವೂ ಮುಚ್ಚುತ್ತವೆ. ನಿಂಬೆ ಹಳದಿ, ಕ್ರಿಮ್ಸನ್ ಕೆಂಪು, ಅಲ್ಟ್ರಾಮರೀನ್ ನೀಲಿ ಕೆಳಗಿನದನ್ನು ಬಿಟ್ಟುಕೊಡುತ್ತವೆ. ಒಳ್ಳೆಯ ಟ್ಯೂಬುಗಳ ಮೇಲೆ ಒಂದು ಚಿಕ್ಕ ಚೌಕ ಇರುತ್ತದೆ. ತುಂಬಿದ ಚೌಕ ಅಂದರೆ ಮುಚ್ಚುವ ಬಣ್ಣ, ಖಾಲಿ ಚೌಕ ಅಂದರೆ ಪಾರದರ್ಶಕ, ಅರ್ಧ ತುಂಬಿದ್ದು ನಡುವಿನದು. ಬಣ್ಣದ ಪುಡಿಯ ಸಂಕೇತವೂ ಇರುತ್ತದೆ. ಪಿಡಬ್ಲ್ಯೂ 6 ಅಂದರೆ ಟೈಟಾನಿಯಂ ಬಿಳಿ, ಪಿವೈ 42 ಅಂದರೆ ಹಳದಿ ಆಕ್ಸೈಡ್, ಪಿಆರ್ 101 ಅಂದರೆ ಕೆಂಪು ಆಕ್ಸೈಡ್. ಕಂಪನಿಗಳು ಇಡುವ ಹೆಸರು ಬೇರೆ ಬೇರೆ, ಈ ಸಂಕೇತ ಮಾತ್ರ ಎಲ್ಲ ಕಡೆ ಒಂದೇ.

ಚೌಕವೂ ಇಲ್ಲ, ಸಂಕೇತವೂ ಇಲ್ಲ ಅಂದರೆ ಕಾರ್ಡ್ ಪರೀಕ್ಷೆ ಮಾಡುತ್ತೇನೆ. ಕಪ್ಪು ಅಕ್ಷರ ಅಚ್ಚಾಗಿರುವ ಒಂದು ಹಳೇ ವಿಸಿಟಿಂಗ್ ಕಾರ್ಡ್ ಜೇಬಿನಲ್ಲಿರುತ್ತದೆ. ಅಂಗಡಿಯವರನ್ನು ಕೇಳಿ, ಅವರು ತೆರೆದಿಟ್ಟ ಮಾದರಿ ಬಾಟಲಿ ಇದ್ದರೆ ಒಂದು ಚುಕ್ಕಿ ತಗೊಂಡು ಅಕ್ಷರದ ಮೇಲೆ ಎಳೆಯುತ್ತೇನೆ. ಒಣಗಿದ ಮೇಲೆ ಅಕ್ಷರ ಓದಲು ಬಂದರೆ ಅದು ಒಂದು ಕೋಟಿನ ಬಣ್ಣ ಅಲ್ಲ. ಬೆರಳಲ್ಲಿ ತಿಕ್ಕಿದರೆ ಹೊಳಪೋ ಮ್ಯಾಟೋ ಅನ್ನುವುದೂ ಗೊತ್ತಾಗುತ್ತದೆ. ಬಾಟಲಿ ಅಲುಗಾಡಿಸಿದಾಗ ಗಟ್ಟಿ ಉಂಡೆ ತಾಗಿದರೆ, ಮುಚ್ಚಳ ತೆಗೆದಾಗ ಹುಳಿ ವಾಸನೆ ಬಂದರೆ ಬಿಡುವುದೇ ಒಳ್ಳೆಯದು. ಮೇಲೆ ನೀರು ಬಿಟ್ಟುಕೊಂಡಿದ್ದರೆ ಚಿಂತೆ ಇಲ್ಲ, ಕಲಕಿದರೆ ಸರಿಹೋಗುತ್ತದೆ. ಫೋನ್ ತೆರೆಯ ಮೇಲೆ ನೋಡಿ ಆರ್ಡರ್ ಮಾಡಿದರೆ ಇದು ಯಾವುದೂ ಆಗುವುದಿಲ್ಲ ಅಲ್ವಾ?

ಓಬವ್ವನ ಸೀರೆಗೆ ಕೆಂಪು ಬೇಕಿತ್ತು. ಕ್ರಿಮ್ಸನ್ ಪಾರದರ್ಶಕ. ಬಣ್ಣ ಹಿಡಿಯಲಿ ಅಂತ ಮೊದಲು ಹೊಡೆಯುವ ಬೂದು ಪ್ರೈಮರಿನ ಮೇಲೆ ನೇರವಾಗಿ ಹಚ್ಚಿದರೆ ಮಂಕಾಗುತ್ತದೆ. ಅದಕ್ಕೆ ಮೊದಲು ಕೆಂಪು ಆಕ್ಸೈಡ್ ಒಂದು ಕೋಟ್ ಹಚ್ಚಿ, ನೆರಿಗೆಯ ಉಬ್ಬಿನ ಮೇಲೆ ಬಿಳಿಗೆ ಸ್ವಲ್ಪ ಹಳದಿ ಆಕ್ಸೈಡ್ ಸೇರಿಸಿ ಎಳೆದು, ಎಲ್ಲದರ ಮೇಲೆ ತೆಳ್ಳಗೆ ಕ್ರಿಮ್ಸನ್ ಹರಡಿದೆ. ಉಬ್ಬು ಬೆಳಗಿತು, ತಗ್ಗಿನಲ್ಲಿ ಕೆಂಪು ಆಕ್ಸೈಡಿನ ಕಂದು ಉಳಿಯಿತು. ಪಾರದರ್ಶಕ ಅನ್ನುವ ಗುಣವೇ ಇಲ್ಲಿ ಕೆಲಸಕ್ಕೆ ಬಂತು. ನಿಂಬೆ ಹಳದಿಯ ಪೇಟ ಹಚ್ಚುವಾಗಲೂ ಹೀಗೇ, ಕೆಳಗೆ ಹಳದಿ ಆಕ್ಸೈಡ್ ಇಡುತ್ತೇನೆ.

ಮೈಬಣ್ಣದ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಹೊರದೇಶದ ಸೆಟ್‌ಗಳಲ್ಲಿ ಚರ್ಮದ ಬಣ್ಣ ಅಂತ ಬರುವುದು ಬಹಳ ಸಲ ಗುಲಾಬಿ ಮಿಶ್ರಿತ ಬಣ್ಣ. ದುರ್ಗದ ಬಿಸಿಲಲ್ಲಿ ಕಾವಲು ಕಾಯ್ದವರ ಮೈ ಅದಲ್ಲ. ಬರ್ನ್ಟ್ ಸಿಯೆನ್ನಾಕ್ಕೆ (ಕೆಂಪು ಮಿಶ್ರಿತ ಕಂದು) ಹಳದಿ ಆಕ್ಸೈಡ್ ಸೇರಿಸಿ, ಒಂದು ಚುಕ್ಕಿ ಬಿಳಿ ಹಾಕಿದರೆ ನಮ್ಮ ಜನರ ಮುಖ ಬರುತ್ತದೆ. ನೆರಳಿಗೆ ಕಪ್ಪು ಸೇರಿಸಬೇಡಿ, ಮುಖ ಸತ್ತುಹೋಗುತ್ತದೆ. ಸಿಯೆನ್ನಾಕ್ಕೆ ಸ್ವಲ್ಪ ಅಲ್ಟ್ರಾಮರೀನ್ ಸೇರಿಸಿದರೆ ತಂಪಾದ ಕಂದು ಸಿಗುತ್ತದೆ, ಅದೇ ನೆರಳು. ಒನಕೆಗೂ ಅದೇ ಮಿಶ್ರಣ, ಸ್ವಲ್ಪ ಹಳದಿ ಜಾಸ್ತಿ ಮಾಡಿ. ಬಿಳಿ, ಕಪ್ಪು, ಹಳದಿ ಆಕ್ಸೈಡ್, ಬರ್ನ್ಟ್ ಸಿಯೆನ್ನಾ, ಕೆಂಪು ಆಕ್ಸೈಡ್, ಕ್ರಿಮ್ಸನ್, ಅಲ್ಟ್ರಾಮರೀನ್, ನಿಂಬೆ ಹಳದಿ. ಹೊಸಬರು ಇಷ್ಟು ತಗೊಂಡು ಶುರು ಮಾಡಲಿ. ದೊಡ್ಡ ಸೆಟ್ ಬೇಡ.

ಕೋಟೆಯ ಬಂಡೆಯನ್ನು ಬರೀ ಕಪ್ಪು ಬಿಳಿ ಬೆರೆಸಿದ ಬೂದು ಬಣ್ಣದಲ್ಲಿ ಹಚ್ಚಿದರೆ ಅದು ಸಿಮೆಂಟ್ ಆಗುತ್ತದೆ. ದುರ್ಗದ ಕಲ್ಲಿನಲ್ಲಿ ಕೆಂಪು ಇದೆ, ಹಳದಿ ಇದೆ, ಮಳೆನೀರು ಇಳಿದ ಕಡೆ ಕಪ್ಪು ಪಟ್ಟೆ ಇದೆ. ಬೂದು ಬಣ್ಣಕ್ಕೆ ಸಿಯೆನ್ನಾ ಸೇರಿಸಿ ತಳ ಮಾಡಿ, ಮೇಲೆ ಹಳದಿ ಆಕ್ಸೈಡ್ ಮತ್ತು ಬಿಳಿಯನ್ನು, ಬಣ್ಣ ಬಹುಪಾಲು ಒರೆಸಿದ ಒಣ ಬ್ರಷ್ಷಿನಲ್ಲಿ ಸವರುತ್ತೇನೆ. ಗೊಂಬೆಯ ಕಾಲಡಿ ನೆಲಕ್ಕೆ ಜರಡಿ ಹಿಡಿದ ಮರಳನ್ನು ಫೆವಿಕಾಲ್‌ನಲ್ಲಿ ಅಂಟಿಸಿ ಬಣ್ಣ ಹಾಕುತ್ತೇನೆ. ನಮ್ಮ ಕಡೆಯ ಎರೆಮಣ್ಣನ್ನೇ ನೇರವಾಗಿ ಹಾಕಲು ಹೋಗಬೇಡಿ. ಅದು ಒಣಗಿದಾಗ ಕುಗ್ಗಿ ಬಿರಿಯುತ್ತದೆ, ಗೊಂಬೆಯ ಕಾಲನ್ನೇ ಕೀಳುತ್ತದೆ.

ಹಾಗಾದರೆ ಹೊರದೇಶದ ಬಣ್ಣ ಬೇಡವೇ ಬೇಡವಾ? ಬೇಕು, ಕೆಲವು ಕಡೆ. ಸ್ಪೇನಿನ ವಲ್ಲೆಹೊ, ಇಂಗ್ಲೆಂಡಿನ ಸಿಟಾಡೆಲ್, ಡೆನ್ಮಾರ್ಕಿನ ಆರ್ಮಿ ಪೇಂಟರ್, ಇವು ಮಿನಿಯೇಚರ್‌ಗೆಂದೇ ಮಾಡಿದವು. ಪುಡಿ ತೀರಾ ನಯ. ತೆಳು ಮಾಡಿದರೂ ಮುಚ್ಚುತ್ತವೆ, ಒಣಗಿದರೆ ಹೊಳಪು ಕಡಿಮೆ. ವಲ್ಲೆಹೊ ತೊಟ್ಟು ತೊಟ್ಟಾಗಿ ಬೀಳುವ ಬಾಟಲಿಯಲ್ಲಿ ಬರುತ್ತದೆ. ನಮ್ಮ ಬಿಸಿಲಿಗೆ ಅದೇ ಒಳ್ಳೆಯದು, ಗಾಳಿ ತಾಗುವುದಿಲ್ಲ. ಸಿಟಾಡೆಲ್‌ನ 12 ಮಿ.ಲೀ. ಡಬ್ಬಿಯ ಮುಚ್ಚಳದ ಅಂಚಿನಲ್ಲಿ ಬಣ್ಣ ಒಣಗಿ ಕೂತರೆ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ, ಒಳಗಿನದೂ ಗಟ್ಟಿಯಾಗುತ್ತದೆ. ಅಂಚು ಒರೆಸಿಯೇ ಮುಚ್ಚಬೇಕು. ಜಪಾನಿನ ತಮಿಯಾ ಅಕ್ರಿಲಿಕ್‌ನಲ್ಲಿ ಆಲ್ಕೋಹಾಲ್ ಇರುತ್ತದೆ. ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಏರ್‌ಬ್ರಷ್ಷಿಗೆ ಬಹಳ ಚೆನ್ನ. ಬ್ರಷ್ಷಿನಲ್ಲಿ ಎಳೆದರೆ ಕೆಳಗಿನ ಕೋಟನ್ನು ಎಬ್ಬಿಸುತ್ತದೆ. ಕಣ್ಣಿನ ಬಿಳಿ, ಲೋಹದ ಬಣ್ಣ, ಮ್ಯಾಟ್ ವಾರ್ನಿಷ್ ಈ ಮೂರಕ್ಕೆ ನಾನು ಹೊರದೇಶದ್ದನ್ನೇ ಬಳಸುತ್ತೇನೆ. ಕತ್ತಿ, ಕಹಳೆ ಹಚ್ಚುವಾಗ ನೀರಿನ ಲೋಟ ಬೇರೆ ಇಡಿ. ಲೋಹದ ಬಣ್ಣದ ಮಿನುಗು ನೀರಿನಲ್ಲಿ ಉಳಿದು ಮುಖಕ್ಕೂ ಹತ್ತುತ್ತದೆ.

ಹವೆಯ ವಿಷಯ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಮಧ್ಯಾಹ್ನ ಫ್ಯಾನ್ ಕೆಳಗೆ ಕೂತರೆ ಬಣ್ಣ ಬ್ರಷ್ಷಿನ ತುದಿಯಲ್ಲೇ ಒಣಗುತ್ತದೆ. ನಾನು ಬೆಳಗ್ಗೆ ಬೇಗ ಕೂರುತ್ತೇನೆ. ಬಣ್ಣ ಕಲಸುವುದು ಒದ್ದೆ ಪ್ಯಾಲೆಟ್ಟಿನಲ್ಲಿ. ಚಪ್ಪಟೆ ಟಿಫಿನ್ ಡಬ್ಬಿ, ಒಳಗೆ ನೀರು ಹೀರಿದ ಸ್ಪಾಂಜು, ಮೇಲೆ ಬೇಕರಿಯವರು ಬಳಸುವ ಬಟರ್ ಪೇಪರ್. ಮುಚ್ಚಳ ಹಾಕಿಟ್ಟರೆ ಕಲಸಿದ ಬಣ್ಣ ಮರುದಿನಕ್ಕೂ ಸಿಗುತ್ತದೆ. ಬಣ್ಣಕ್ಕೆ ಹಾಕುವ ನೀರು, ಕುಡಿಯುವ ಫಿಲ್ಟರ್ ನೀರೇ ಆಗಲಿ. ಬೋರ್‌ವೆಲ್ ನೀರಿನ ಗಡಸುತನ ಒಣಗಿದ ಮೇಲೆ ಬಿಳಿ ಕಲೆಯಾಗಿ ಕಪ್ಪು ಬಣ್ಣದ ಮೇಲೆ ಎದ್ದು ಕಾಣುತ್ತದೆ. ನೀರು ತೀರಾ ಜಾಸ್ತಿ ಹಾಕಿದರೆ ಅಂಟು ಸಾಲದೆ ಬಣ್ಣ ಉದುರುತ್ತದೆ, ಆಗ ಅರ್ಧ ನೀರು, ಅರ್ಧ ಅಕ್ರಿಲಿಕ್ ಮೀಡಿಯಂ.

ಪ್ರೈಮರಿಗೆ ಪಿ.ಬಿ. ರಸ್ತೆ ಕಡೆಯ ಆಟೋ ಪೇಂಟ್ ಅಂಗಡಿ. ಗಾಡಿಗೆ ಹೊಡೆಯುವ ಬೂದು ಸ್ಪ್ರೇ ಪ್ರೈಮರ್ ರೆಸಿನ್ ಮೇಲೆ ಚೆನ್ನಾಗಿ ಕೂರುತ್ತದೆ. ಗೊಂಬೆಯನ್ನು ಮೊದಲು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಒಣಗಿಸಿರಬೇಕು. ಮೆತ್ತನೆ ಪ್ಲಾಸ್ಟಿಕ್ ಆದರೆ ಕಾಣದ ಕಡೆ ಮೊದಲು ಹೊಡೆದು ನೋಡಿ, ಅದರ ಥಿನ್ನರ್ ಪ್ಲಾಸ್ಟಿಕ್ಕನ್ನು ಕರಗಿಸಬಹುದು. ಸುಡುವ ಬಿಸಿಲಲ್ಲಿ ಸ್ಪ್ರೇ ಗಾಳಿಯಲ್ಲೇ ಒಣಗಿ ಗೊಂಬೆಯ ಮೇಲೆ ಮರಳುಮರಳಾಗಿ ಬೀಳುತ್ತದೆ. ಮಳೆ ದಿನ ಮಂಜು ಕವಿದ ಹಾಗಾಗುತ್ತದೆ. ಮಾಸ್ಕ್ ಹಾಕಿಕೊಂಡು ಹೊರಗೆ ಹೊಡೆಯಿರಿ.

ಇನ್ನು ಅಂಗಡಿ. ಬೊಂಬಾಟ್ ಹಾಬಿ ಶಾಪ್ ಅನ್ನುವಂಥದ್ದು ನಮ್ಮಲ್ಲಿಲ್ಲ. ಸ್ಟೇಷನರಿ ಮತ್ತು ಚಿತ್ರಕಲೆಯ ಸಾಮಾನು ಮಾರುವ ಅಂಗಡಿಯೇ ನಮ್ಮ ಹಾಬಿ ಶಾಪ್. ನಾನು ಹೋಗುವ ಅಂಗಡಿಯ ಯಜಮಾನರಿಗೆ, "ಅಣ್ಣಾ, ಮಿನಿಯೇಚರ್ ಬಣ್ಣ ತರಿಸಿಕೊಡ್ತೀರಾ?" ಅಂತ ಕೇಳಿದಾಗ ಅವರು ಬೇಡ ಅನ್ನಲಿಲ್ಲ. "ತರಿಸಬೋದ್ರೀ. ಐವತ್ತು ಬಾಟ್ಲಿ ತರಿಸಿ ಹತ್ತು ಹೋದ್ರೆ, ಉಳಿದದ್ದು ಇಲ್ಲೇ ಒಣಗ್ತಾವೆ. ಅದನ್ನ ಯಾರಿಗೆ ಮಾರ್ಲಿ?" ಅಂದರು. ಅವರ ಮಾತು ನ್ಯಾಯವಾದದ್ದು. ಹೋಲ್‌ಸೇಲಿನವರು ಒಂದೆರಡು ಬಾಟಲಿ ಕೊಡುವುದಿಲ್ಲ, ಅಂಗಡಿಯವರ ದುಡ್ಡು ಕಪಾಟಿನಲ್ಲಿ ಕೂರುತ್ತದೆ.

ಆಮೇಲೆ ನಾವು ಕೆಲವರು ಸೇರಿದೆವು. ಹರಿಹರದಿಂದ ಬರುವ ರೈಲು ಮಾಡೆಲ್ ಮಾಡುವ ಹುಡುಗ, ದಸರಾ ಬೊಂಬೆಗಳಿಗೆ ವರ್ಷವರ್ಷ ಬಣ್ಣ ತಿದ್ದುವ ಒಬ್ಬ ಅಮ್ಮ, ಎಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟ್ ಮಾಡುವವರು. ಎಲ್ಲರಿಗೂ ಬೇಕಾದ ಬಣ್ಣಗಳನ್ನಷ್ಟೇ ಪಟ್ಟಿ ಮಾಡಿ, ಅರ್ಧ ದುಡ್ಡು ಮುಂಗಡ ಕೊಟ್ಟೆವು. ಬಿಳಿ, ಬೆಳ್ಳಿ, ಹಿತ್ತಾಳೆ, ಮ್ಯಾಟ್ ವಾರ್ನಿಷ್, ಇಷ್ಟೇ. ಅಂಗಡಿಯವರಿಗೆ ನಷ್ಟದ ಭಯ ಇಲ್ಲ. ನಮಗೆ ಪಾರ್ಸಲ್ ಒಡೆದು ಬಣ್ಣ ಸೋರುವ ತಲೆನೋವಿಲ್ಲ. ಈಗ ಅವರೇ ಬಾಟಲಿಗಳನ್ನು ಆಗಾಗ ತಲೆಕೆಳಗೆ ಮಾಡಿ ಇಡುತ್ತಾರೆ, ತಳದಲ್ಲಿ ಗಟ್ಟಿಯಾಗದಿರಲಿ ಅಂತ.

ಅಲ್ಲಿ ಬಣ್ಣ ನೋಡಿ, ಕಾರ್ಡಿನ ಮೇಲೆ ಎಳೆದು, ಅವರಿಂದ ಎಲ್ಲ ತಿಳಿದುಕೊಂಡು, ಆಮೇಲೆ ಹತ್ತು ರೂಪಾಯಿ ಕಡಿಮೆ ಅಂತ ಫೋನಿನಲ್ಲಿ ತರಿಸುವುದನ್ನು ನಾನು ಮಾಡುವುದಿಲ್ಲ, ಜೊತೆಯವರಿಗೂ ಬೇಡ ಅನ್ನುತ್ತೇನೆ. ಸಿಂಥೆಟಿಕ್ ಬ್ರಷ್, ಉಪ್ಪುಕಾಗದ, ಫೆವಿಕಾಲ್, ಜೆಸ್ಸೊ, ಇವೆಲ್ಲ ಬೇಗ ಮುಗಿಯುವ ಸಾಮಾನು. ಅಂಗಡಿ ನಡೆಯುವುದು ಇವುಗಳಿಂದ. ಅದನ್ನೆಲ್ಲ ಒಂದೇ ಕಡೆ ತಗೊಂಡರೆ, ಅಪರೂಪಕ್ಕೆ ಹೋಗುವ ಬಾಟಲಿಗೂ ಅವರು ಕಪಾಟಿನಲ್ಲಿ ಜಾಗ ಕೊಡುತ್ತಾರೆ. ಈ ಸಲದ ಪಟ್ಟಿಗೆ ಬೊಂಬೆ ಅಮ್ಮ ತಾಮ್ರದ ಬಣ್ಣ ಸೇರಿಸಿದ್ದಾರೆ. ಕಹಳೆಯವನಿಗೆ ನನಗೂ ಅದು ಬೇಕು. ಇನ್ನಿಬ್ಬರು ಹೂಂ ಅಂದರೆ ಯಜಮಾನರು ಮುಂದಿನ ಆರ್ಡರಿನಲ್ಲೇ ತರಿಸುತ್ತಾರೆ.