ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವವರೇ, ಊರಿನ ಮನೆಯ ವಿಷಯ ಮೊದಲೇ ಹೇಳಿಬಿಡಿ

ಇಂಗ್ಲೆಂಡಿನಲ್ಲಿ ಮನೆ ಕೊಳ್ಳಲು ಇಲ್ಲಿನ ಪೌರತ್ವ ಬೇಕಿಲ್ಲ. ವರ್ಕ್ ವೀಸಾದಲ್ಲಿ ಇರುವವರೂ ಕೊಳ್ಳಬಹುದು. ಬ್ಯಾಂಕು ಸಾಲ ಕೊಡುತ್ತದೋ ಇಲ್ಲವೋ ಅನ್ನುವುದು ಬೇರೆ ಮಾತು. ನಮ್ಮವರ ಜೇಬಿಗೆ ಪೆಟ್ಟು ಬೀಳುವುದು ವೀಸಾದಿಂದಲ್ಲ, ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ತಮ್ಮ ಹೆಸರಿನಲ್ಲಿರುವ ಮನೆಯಿಂದ. "ಅದು ಇಂಡಿಯಾದ ಆಸ್ತಿ, ಇಲ್ಲಿಯವರಿಗೆ ಯಾಕೆ ಹೇಳಬೇಕು?" ಅನ್ನುವವರಿದ್ದಾರೆ. ಹೇಳಲೇಬೇಕು. ಯಾಕೆ ಅಂತ ಲೆಕ್ಕ ಹಾಕಿಯೇ ನೋಡೋಣ.

ರೀಡಿಂಗ್ ಪಟ್ಟಣದಲ್ಲಿ 4 ಲಕ್ಷ ಪೌಂಡಿನ ಮನೆ ನೋಡಿದ್ದೀರಿ ಅಂತ ಇಟ್ಟುಕೊಳ್ಳಿ. 2025ರ ಏಪ್ರಿಲ್ 1ರಿಂದ ಇರುವ ಸ್ಟ್ಯಾಂಪ್ ಡ್ಯೂಟಿ ಹೀಗಿದೆ: ಮೊದಲ 1,25,000 ಪೌಂಡಿಗೆ ಏನೂ ಇಲ್ಲ, ಅಲ್ಲಿಂದ 2,50,000ದವರೆಗೆ ಶೇ. 2, ಆಮೇಲೆ 9,25,000ದವರೆಗೆ ಶೇ. 5. ನಿಮ್ಮ ಮನೆಗೆ 10,000 ಪೌಂಡ್ ಆಯಿತು. ಮೊದಲ ಸಲ ಮನೆ ಕೊಳ್ಳುವವರಿಗೆ ರಿಯಾಯಿತಿ ಇದೆ. ಮನೆಯ ಬೆಲೆ 5 ಲಕ್ಷದ ಒಳಗಿದ್ದರೆ 3 ಲಕ್ಷದವರೆಗೆ ತೆರಿಗೆ ಇಲ್ಲ. ಹಾಗಾಗಿ ಇದೇ ಮನೆಗೆ ಅವರು ಕೊಡುವುದು 5,000 ಪೌಂಡ್ ಮಾತ್ರ.

ಆದರೆ "ಮೊದಲ ಸಲ" ಅಂದರೆ ಪ್ರಪಂಚದಲ್ಲಿ ಎಲ್ಲೂ, ಯಾವತ್ತೂ ನಿಮಗೆ ಮನೆ ಇರಬಾರದು. ಜಯನಗರದ ಫ್ಲಾಟು ಹತ್ತು ವರ್ಷದ ಹಿಂದೆಯೇ ಮಾರಿಹೋಗಿದ್ದರೂ ರಿಯಾಯಿತಿ ಸಿಗುವುದಿಲ್ಲ. ಅಪ್ಪ ತೀರಿಹೋದ ಮೇಲೆ ಊರಿನ ಮನೆಯಲ್ಲಿ ಬಂದ ಪಾಲೂ ಲೆಕ್ಕಕ್ಕೆ ಬರುತ್ತದೆ. ಇಬ್ಬರ ಹೆಸರಿನಲ್ಲಿ ಕೊಂಡರೆ ಇಬ್ಬರೂ ಮೊದಲ ಸಲದವರೇ ಆಗಿರಬೇಕು.

ಆ ಫ್ಲಾಟು ಇವತ್ತೂ ನಿಮ್ಮ ಹೆಸರಿನಲ್ಲೇ ಇದ್ದರೆ ಕಥೆ ಇನ್ನೂ ದುಬಾರಿ. ನಿಮ್ಮ ಪಾಲಿನ ಬೆಲೆ 40,000 ಪೌಂಡ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಇಂಗ್ಲೆಂಡಿನ ಮನೆಯನ್ನು ಎರಡನೇ ಮನೆ ಅಂತ ಎಣಿಸುತ್ತಾರೆ. ಪೂರ್ತಿ ಬೆಲೆಯ ಮೇಲೆ ಶೇ. 5 ಹೆಚ್ಚುವರಿ ತೆರಿಗೆ ಬೀಳುತ್ತದೆ. 5,000 ಅಂದುಕೊಂಡಿದ್ದು 30,000 ಪೌಂಡ್ ಆಗುತ್ತದೆ. ಫ್ಲಾಟು ಹೆಂಡತಿಯ ಹೆಸರಿನಲ್ಲಿದೆ, ಇಲ್ಲಿ ನಾನೊಬ್ಬನೇ ಕೊಳ್ಳುತ್ತೇನೆ ಅನ್ನುವ ಜಾಣತನವೂ ನಡೆಯುವುದಿಲ್ಲ. ಒಟ್ಟಿಗೆ ಇರುವ ಗಂಡ ಹೆಂಡತಿಯನ್ನು ಈ ತೆರಿಗೆ ಒಂದೇ ಘಟಕ ಅಂತ ನೋಡುತ್ತದೆ. ಪಿತ್ರಾರ್ಜಿತವಾಗಿ ಬಂದ ಪಾಲು ಅರ್ಧಕ್ಕಿಂತ ಹೆಚ್ಚಿಲ್ಲದಿದ್ದರೆ, ಬಂದು ಮೂರು ವರ್ಷ ಆಗಿಲ್ಲದಿದ್ದರೆ, ಈ ಹೆಚ್ಚುವರಿಯಿಂದ ವಿನಾಯಿತಿ ಉಂಟು. ಖಾಲಿ ಸೈಟು ಮನೆಯಲ್ಲ. ಆದರೆ ಅದರ ಮೇಲೆ ಕಟ್ಟಡ ಏಳುತ್ತಿದ್ದರೆ ಅದನ್ನೂ ಸಾಲಿಸಿಟರ್‌ಗೆ (ನಿಮ್ಮ ಪರವಾಗಿ ಖರೀದಿಯ ಕಾಗದಪತ್ರ ನೋಡುವ ವಕೀಲರಿಗೆ) ಹೇಳಿ.

ಈಗಷ್ಟೇ ಬಂದಿಳಿದವರಿಗೆ ಇನ್ನೊಂದು ಶೇ. 2 ಇದೆ. ಕೊಳ್ಳುವ ಮುಂಚಿನ 12 ತಿಂಗಳಲ್ಲಿ 183 ದಿನ ಈ ದೇಶದಲ್ಲಿ ಇರದಿದ್ದರೆ ಅದು ಬೀಳುತ್ತದೆ. ಆಮೇಲೆ ಇಲ್ಲೇ ನೆಲೆಸಿದರೆ ವಾಪಸ್ ಕೇಳಬಹುದು. ತೆರಿಗೆಯ ರಿಟರ್ನ್ ಸಲ್ಲಿಸಿ ಹಣ ಕಟ್ಟಲು ಕಂಪ್ಲೀಷನ್ (ಪೂರ್ತಿ ಹಣ ಕೊಟ್ಟು ಮನೆ ಕೈಗೆ ಬರುವುದು) ಆದಮೇಲೆ 14 ದಿನ ಮಾತ್ರ. ಸಾಮಾನ್ಯವಾಗಿ ಸಾಲಿಸಿಟರೇ ಮಾಡುತ್ತಾರೆ, ಆದರೆ ತಪ್ಪು ಮಾಹಿತಿಗೆ ಹೊಣೆ ನೀವೇ. (ವೇಲ್ಸ್ ಮತ್ತು ಸ್ಕಾಟ್ಲೆಂಡಿಗೆ ಬೇರೆಯೇ ತೆರಿಗೆಗಳಿವೆ. ಸ್ಕಾಟ್ಲೆಂಡಿನಲ್ಲಿ ಕೊಳ್ಳುವ ಪದ್ಧತಿಯೇ ಬೇರೆ.)

ಆಫರ್ ಒಪ್ಪಿದರು, ಇನ್ನು ಮನೆ ನಮ್ಮದೇ ಅಲ್ವಾ?

ಅಲ್ಲ. ನಮ್ಮ ಕಡೆ ಟೋಕನ್ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡಿಕೊಂಡರೆ ಮಾತು ಗಟ್ಟಿಯಾಯಿತು ಅಂತ ಲೆಕ್ಕ. ಇಲ್ಲಿ ಆಫರ್ ಒಪ್ಪಿದಾಗ ಸಾಮಾನ್ಯವಾಗಿ ಯಾರೂ ಏನೂ ಕೊಡುವುದಿಲ್ಲ, ಯಾರಿಗೂ ಕಟ್ಟುಪಾಡಿಲ್ಲ. 1989ರ ಕಾಯ್ದೆಯ ಪ್ರಕಾರ ಜಮೀನು, ಮನೆಯ ಒಪ್ಪಂದ ಬರಹದಲ್ಲಿ ಇರಲೇಬೇಕು, ಎರಡೂ ಕಡೆಯವರು ಸಹಿ ಹಾಕಿರಬೇಕು. ಆ ಸಹಿಯ ಪ್ರತಿಗಳನ್ನು ಸಾಲಿಸಿಟರುಗಳು ಬದಲಾಯಿಸಿಕೊಳ್ಳುವ ಎಕ್ಸ್‌ಚೇಂಜ್ ಆಗುವ ತನಕ ಮಾರುವವರು ಇನ್ನೊಬ್ಬರ ದೊಡ್ಡ ಆಫರ್‌ಗೆ ತಿರುಗಿಕೊಳ್ಳಬಹುದು. ಅಷ್ಟರಲ್ಲಿ ನೀವು ಸರ್ವೆಗೆ (ಕಟ್ಟಡದ ಸ್ಥಿತಿ ನೋಡಿಸಲು), ಸರ್ಚ್‌ಗಳಿಗೆ (ಕೌನ್ಸಿಲ್ ಮುಂತಾದ ಕಡೆ ದಾಖಲೆ ಹುಡುಕಿಸಲು) ಸುರಿದ ದುಡ್ಡು ಹೋದ ಹಾಗೆಯೇ. ಅನ್ಯಾಯ ಅನ್ನಿಸುತ್ತದೆ, ಆದರೆ ಕಾನೂನು ಹಾಗಿದೆ. ನೀವೂ ಅಷ್ಟೇ ಸಲೀಸಾಗಿ ಹಿಂದೆ ಸರಿಯಬಹುದು.

ಎಕ್ಸ್‌ಚೇಂಜ್ ದಿನ ಸಾಮಾನ್ಯವಾಗಿ ಬೆಲೆಯ ಶೇ. 10 ಡೆಪಾಸಿಟ್ ಕೊಡಬೇಕು. ಆಮೇಲೆ ಕೈಕೊಟ್ಟರೆ ಅದು ಹೋಯಿತು. ಮನೆಯ ವಿಮೆಯನ್ನೂ ಅವತ್ತಿನಿಂದಲೇ ಮಾಡಿಸಿ, ಕೀಲಿ ಸಿಗುವ ದಿನದವರೆಗೆ ಕಾಯಬೇಡಿ.

ಒಂದು ಸಮಾಧಾನ ಇದೆ. ಇಲ್ಲಿ ಮೂಲಪತ್ರ, ಇ.ಸಿ., ಖಾತೆ ಅಂತ ಓಡಾಡಬೇಕಿಲ್ಲ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೂರಬೇಕಿಲ್ಲ. ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅದಕ್ಕೆ ಸರ್ಕಾರದ ಖಾತರಿ ಇದೆ. ಆದರೆ ಗೋಡೆಯ ತೇವಕ್ಕೆ, ಸೋರುವ ಚಾವಣಿಗೆ ಆ ಖಾತರಿ ಇಲ್ಲ. ಬ್ಯಾಂಕಿನವರು ಮಾಡಿಸುವ ವ್ಯಾಲ್ಯುಯೇಷನ್ ಬ್ಯಾಂಕಿನ ಸಲುವಾಗಿ. ಹಳೆಯ ಮನೆಯಾದರೆ ನಿಮ್ಮದೇ ಸರ್ವೆಯರ್ ಇಟ್ಟು ನೋಡಿಸಿ. ಎಸ್ಟೇಟ್ ಏಜೆಂಟ್ ಎಷ್ಟೇ ಚೆನ್ನಾಗಿ ಮಾತಾಡಿದರೂ ಅವರು ಮಾರುವವರ ಕಡೆಯವರು.

ಫ್ಲಾಟು ಕೊಳ್ಳಬಹುದಾ?

ಕೊಳ್ಳಬಹುದು, ಆದರೆ ಇಲ್ಲಿ ಫ್ಲಾಟು ಬಹುಪಾಲು ಲೀಸ್‌ಹೋಲ್ಡ್, ಅಂದರೆ ಇಂತಿಷ್ಟು ವರ್ಷದ ಮಟ್ಟಿಗೆ ಮಾತ್ರ ನಿಮ್ಮದು. ಎಷ್ಟು ವರ್ಷ ಉಳಿದಿದೆ ಅನ್ನುವುದು ಅಡುಗೆಮನೆಯ ಗ್ರಾನೈಟಿಗಿಂತ ಮುಖ್ಯ. 80 ವರ್ಷಕ್ಕಿಂತ ಕೆಳಗೆ ಇಳಿದರೆ ಲೀಸ್ ಮುಂದುವರಿಸುವ ಖರ್ಚು ಏರುತ್ತದೆ, ಸಾಲ ಸಿಗುವುದೂ ಕಷ್ಟ. ಮುಂಚೆ ಎರಡು ವರ್ಷ ಮಾಲೀಕರಾಗಿದ್ದವರು ಮಾತ್ರ ಮುಂದುವರಿಸಲು ಕೇಳಬಹುದಿತ್ತು. 2025ರ ಜನವರಿ 31ರಿಂದ ಆ ಕಾಯುವಿಕೆ ಇಲ್ಲ. 2022ರ ಜೂನ್ 30ರಿಂದ ಮಾಡಿದ ಹೊಸ ಲೀಸ್‌ಗಳಿಗೆ ಸಾಮಾನ್ಯವಾಗಿ ಗ್ರೌಂಡ್ ರೆಂಟ್ (ಜಾಗದ ಮಾಲೀಕರಿಗೆ ಕೊಡುವ ಬಾಡಿಗೆ) ಇಲ್ಲ. ಹಳೆಯದಾದರೆ ಅದು ಎಷ್ಟು ವರ್ಷಕ್ಕೊಮ್ಮೆ ಏರುತ್ತದೆ ಅಂತ ಓದಿ ನೋಡಿ. ಸರ್ವಿಸ್ ಚಾರ್ಜಿನ (ಕಟ್ಟಡದ ನಿರ್ವಹಣೆಗೆ ಕೊಡುವ ಹಣದ) ಹಿಂದಿನ ಮೂರು ವರ್ಷದ ಲೆಕ್ಕ ಕೇಳಿ, ಸಂಕೋಚ ಬೇಡ.

ಅಪ್ಪ ಅಮ್ಮ ಊರಿಂದ ದುಡ್ಡು ಕಳಿಸಿದರೆ?

ತೊಂದರೆ ಇಲ್ಲ, ಕಾಗದ ಇರಬೇಕು. ಸಾಲಿಸಿಟರ್ ಹಣದ ಮೂಲ ಕೇಳಲೇಬೇಕು, ಅದು ಅವರ ಮೇಲಿರುವ ಕಾನೂನು. ಅಪ್ಪನ ಬ್ಯಾಂಕ್ ಸ್ಟೇಟ್‌ಮೆಂಟ್, ಸೈಟು ಮಾರಿದ್ದರೆ ಸೇಲ್ ಡೀಡ್, "ಇದು ಉಡುಗೊರೆ, ಮನೆಯಲ್ಲಿ ನಮಗೆ ಹಕ್ಕಿಲ್ಲ" ಅನ್ನುವ ಪತ್ರ, ಎಲ್ಲ ಕೇಳುತ್ತಾರೆ. ಕನ್ನಡದ ಡೀಡಿಗೆ ಇಂಗ್ಲಿಷ್ ಅನುವಾದ ಮುಂಚೆಯೇ ಮಾಡಿಸಿಡಿ. ಭಾರತದಲ್ಲಿ ನೆಲೆಸಿರುವ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಬ್ಲ್ಯಾಕ್, ವೈಟ್ ಅಂತ ಎರಡು ಭಾಗದ ವ್ಯವಹಾರ ಮಾಡಿದ ಸೈಟಿನ ಹಣ ಇಲ್ಲೇ ಸಿಕ್ಕಿಬೀಳುತ್ತದೆ.

ಮಾರುವಾಗ

ಪಕ್ಕದ ಮನೆಯವರ ಜೊತೆ ಬೇಲಿಯ ಜಗಳ, ಹಿತ್ತಲಲ್ಲಿ ಜಪಾನೀಸ್ ನಾಟ್‌ವೀಡ್ ಅನ್ನುವ ಹಬ್ಬಿ ಕಾಡುವ ಕಳೆ, ಇಂಥದ್ದಕ್ಕೆಲ್ಲ ಮಾರುವವರು ತುಂಬಿಕೊಡುವ ಫಾರ್ಮಿನಲ್ಲಿ ಪ್ರಶ್ನೆ ಇರುತ್ತದೆ. ಮುಚ್ಚಿಟ್ಟರೆ ಕೊಂಡವರು ಆಮೇಲೆ ಕೇಸು ಹಾಕಬಹುದು. ಪೂರ್ತಿ ಕಾಲ ನೀವೇ ವಾಸವಿದ್ದ ಮನೆಗೆ ಸಾಮಾನ್ಯವಾಗಿ ಕ್ಯಾಪಿಟಲ್ ಗೇನ್ಸ್ ತೆರಿಗೆ (ಮಾರಿ ಬಂದ ಲಾಭದ ಮೇಲಿನ ತೆರಿಗೆ) ಇಲ್ಲ. ಬಾಡಿಗೆಗೆ ಕೊಟ್ಟಿದ್ದರೆ ಒಂದಿಷ್ಟು ಬರಬಹುದು. ಬೆಂಗಳೂರಿಗೆ ವಾಪಸ್ ಹೋಗಿ ಅಲ್ಲಿಂದ ಇಲ್ಲಿನ ಮನೆ ಮಾರುವವರು, ತೆರಿಗೆ ಒಂದು ಪೌಂಡ್ ಇಲ್ಲದಿದ್ದರೂ, ಕಂಪ್ಲೀಷನ್ ಆದ 60 ದಿನದೊಳಗೆ ಇಲ್ಲಿನ ತೆರಿಗೆ ಇಲಾಖೆಗೆ ತಿಳಿಸಬೇಕು. ಇಲ್ಲದಿದ್ದರೆ ದಂಡ ಬೀಳುತ್ತದೆ.